ಬ್ರಿಟಿಷರ ಕಾಲದ ಏರ್‌ಪೋರ್ಟ್ ಮ್ಯಾಲೆ ಪ್ರಾಜೆಕ್ಟ್ ಬರೆಯೋದು ಹೆಂಗ
ಧಾರವಾಡದಾಗ ಹಿಸ್ಟರಿ ಎಂಎ ಮಾಡೋರು ಈ ಟಾಪಿಕ್ ತಗೊಂಡ್ರ ಮೊದಲ ಮ್ಯಾಪ್ ತಗದು ಕುಂದರ್ರಿ. ಜಾಗಾ ಅಲ್ಲೇ ಯಾಕ ಅಂತ ತಿಳೀಬೇಕಂದ್ರ ನೀರು, ಗಾಳಿ, ಊರಿಂದ ಎಷ್ಟು ದೂರ ಅನ್ನೋದು ನೋಡ್ರಿ. ಸಿಂಗಾಪುರದ ಕಲ್ಲಾಂಗ್ ಏರ್‌ಪೋರ್ಟ್ 1937ರಾಗ ಓಪನ್ ಆತು, ಜೌಗು ನೆಲಕ್ಕ ಮಣ್ಣು ತುಂಬಿಸಿ ಮಾಡಿದ್ದು, ಯಾಕಂದ್ರ ಊರಿಗೆ ಹತ್ರಾನೂ ಬೇಕು, ಪಕ್ಕದಾಗ ಸೀಪ್ಲೇನ್ ಇಳಿಯಾಕ ನೀರೂ ಬೇಕು, ಇನ್ನ ಗ್ರೌಂಡ್ ಅಂತೂ ದುಂಡಗ, ಗಾಳಿ ಯಾ ಕಡೆಯಿಂದ ಬೀಸಿದ್ರೂ ಅದಕ್ಕ ಎದುರಾಗಿ ಇಳೀಲಿ ಅಂತ. ಮುಂಬೈ ಜುಹೂ ಏರ್‌ಪೋರ್ಟಿನಾಗ ಮಳಿಗಾಲ ಬಂತಂದ್ರ ಬರೇ ಕೆಸರು, ಟಾಟಾದವರು ಟಪಾಲು ವಿಮಾನ ಪುಣೆಕ್ಕ ಒಯ್ತಿದ್ರು. (1932ರಾಗ ಶುರುವಾದ ಆ ಟಪಾಲು ನಮ್ಮ ಬಳ್ಳಾರಿ ಮ್ಯಾಲಿಂದನ ಮದ್ರಾಸಿಗೆ ಹೋಗ್ತಿತ್ತು, ಇದನ್ನ ಬಿಡಬ್ಯಾಡ್ರಿ.)

ರೊಕ್ಕದ ಕಥಿ ಇನ್ನೂ ಮಜಾ ಐತಿ. ಸರ್ಕಾರ ಕೊಡ್ತು ಅಂತ ಒಂದ ಲೈನ್ ಬರದು ಮುಗಸಬ್ಯಾಡ್ರಿ, ನೆಲಾ ಯಾರದು, ತುಂಬಿಸಿದ ಖರ್ಚು ಯಾರದು ಅಂತ ಬ್ಯಾರೆ ಬ್ಯಾರೆ ಹುಡಕ್ರಿ. ಹಾಂಗ್‌ಕಾಂಗಿನ ಕೈ ಟಾಕ್ ಏರ್‌ಪೋರ್ಟಿನ ನೆಲಾ ಖರೇ ಅಂದ್ರ ಮನಿ ಕಟ್ಟಾಕ ಅಂತ ಒಂದು ಕಂಪನಿ ಸಮುದ್ರ ತುಂಬಿಸಿದ್ದು, ಧಂದೆ ಕೆಟ್ಟ ಮ್ಯಾಲೆ ಸರ್ಕಾರದ ಕೈಗೆ ಬಂತು, ಹೆಸರು ಮಾತ್ರ ಆ ಕಂಪನಿಯವರದ ಉಳೀತು. ಅಲ್ಲಿಯ ಹಳೇ ಲೆಜಿಸ್ಲೇಟಿವ್ ಕೌನ್ಸಿಲ್ ಚರ್ಚೆ ಆನ್‌ಲೈನ್‌ದಾಗ ಸಿಗ್ತಾವ, ಬಜೆಟ್ ಭಾಷಣದಿಂದ ಶುರು ಮಾಡ್ರಿ.