ಬಿಟ್ಟ ಮೀನು ಬದುಕಬೇಕು: ಭೀಮಾ, ಕಾರಂಜಾ ಸೀಮೆಯಲ್ಲಿ ಕಯಾಕ್ ಹತ್ತಿ ಗಾಳ ಹಾಕುವ ಬಗೆ

‘ಹಿಡಿದು ಬಿಡೋದಾದರೆ ಹಿಡಿಯೋದು ಯಾಕ್ರೀ?’ ಗಾಳ ಹಾಕಿ ಮೀನನ್ನು ವಾಪಸ್ ನೀರಿಗೆ ಬಿಡುವವರಿಗೆ ನಮ್ಮ ಕಡೆ ಎದುರಾಗುವ ಮೊದಲ ಪ್ರಶ್ನೆ ಇದೇ. ಸರಿಯಾದ ಪ್ರಶ್ನೆ. ಊಟಕ್ಕೆ ಬೇಕಾದರೆ ಮಾರುಕಟ್ಟೆಯಲ್ಲಿ ಮೀನಿದೆ. ನೀರಿನ ಮೇಲೆ ಒಂದು ಬೆಳಗು ಕಳೆಯುವುದು, ಮೀನಿನ ಜಾಡು ಹಿಡಿಯುವುದು, ಅದನ್ನು ಒಂದು ಗಳಿಗೆ ಹತ್ತಿರದಿಂದ ನೋಡಿ ಕಳಿಸುವುದು, ಇದು ಬೇರೆಯದೇ ಖುಷಿ. ಕಾವೇರಿ ದಂಡೆಯಲ್ಲಿ ಮಹಶೀರ್ ಹಿಡಿದು ಬಿಡುವವರು ದಶಕಗಳಿಂದ ಇದ್ದಾರೆ. ಭೀಮಾ, ಕೃಷ್ಣಾ, ಕಾಗಿಣಾ, ಮಾಂಜ್ರಾ ಹರಿಯುವ ನಮ್ಮ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲೂ ಇದಕ್ಕೆ ಬೇಕಾದಷ್ಟು ನೀರಿದೆ.

ಆದರೆ ಒಂದು ಮಾತು ಮೊದಲೇ ಹೇಳಬೇಕು. ಬಿಟ್ಟ ಮೀನೆಲ್ಲಾ ಬದುಕುವುದಿಲ್ಲ. ಬಾಲ ಬಡಿದು ಹೋದ ಮೀನು ಕೆಲವು ಗಂಟೆ ಬಿಟ್ಟು ಸತ್ತು ತೇಲಬಹುದು. ಯಾವ ತಿಂಗಳು ಹೋಗುತ್ತೀರಿ, ಎಂಥ ಗಾಳ ಕಟ್ಟುತ್ತೀರಿ, ಎಷ್ಟು ಹೊತ್ತು ಆಡಿಸುತ್ತೀರಿ, ಅದರ ಜೀವ ಇದರ ಮೇಲೇ ನಿಂತಿದೆ. ಹಾಗಾಗಿ ಮನೆಯಿಂದಲೇ ಶುರು ಮಾಡೋಣ.

ತಿಂಗಳು ನೋಡಿ ಹೊರಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಯಾಕ್, ಅಂದರೆ ಹುಟ್ಟು (ಪ್ಯಾಡಲ್) ಹಾಕಿ ನಡೆಸುವ ಸಣ್ಣ ದೋಣಿ, ಮನೆಯಲ್ಲೇ ಇರಲಿ. ಹೊಸ ನೀರು ಬಂದಾಗ ಮೀನು ಮೊಟ್ಟೆ ಇಡುತ್ತದೆ, ಅದು ಮೊದಲ ಕಾರಣ. ನದಿಯನ್ನು ನಂಬುವಂತಿಲ್ಲ ಎನ್ನುವುದು ಎರಡನೆಯದು. ಭೀಮೆಗೆ ನಮ್ಮಲ್ಲಿ ಮಳೆಯೇ ಬರಬೇಕೆಂದಿಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಸಾಕು, ಇಲ್ಲಿ ಬಿಸಿಲಿದ್ದರೂ ಹೊಳೆ ತುಂಬುತ್ತದೆ. 2020ರಲ್ಲಿ ಭೀಮೆ ಊರೊಳಗೆ ಬಂದದ್ದು ಅಕ್ಟೋಬರ್‌ನಲ್ಲಿ ಅಲ್ವಾ? ಹಾಗಾಗಿ ಅಕ್ಟೋಬರ್‌ನಲ್ಲೂ ಕೆರೆಗೆ ಮಾತ್ರ ಹೋಗಿ, ಹೊಳೆಗೆ ಇಳಿಯಬೇಡಿ.

ನವೆಂಬರ್‌ನಿಂದ ಫೆಬ್ರುವರಿ ನಮ್ಮ ನಿಜವಾದ ಹಂಗಾಮು. ತಣ್ಣನೆ ನೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತದೆ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ದಣಿದ ಮೀನಿಗೆ ಆ ಒಂದೂವರೆ ಮಿಲಿಗ್ರಾಂ ತುಂಬಾ ದೊಡ್ಡದು. ಮಾರ್ಚ್‌ನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ನೀರಿಗಿಳಿದು, ಬಿಸಿಲೇರುವ ಮುಂಚೆ ದಂಡೆಗೆ ಬಂದುಬಿಡಿ. ಏಪ್ರಿಲ್, ಮೇನಲ್ಲಿ ಬೇಡವೇ ಬೇಡ. ಕಲಬುರಗಿಯಲ್ಲಿ 40 ಡಿಗ್ರಿ ದಾಟಿದಾಗ ಉಳಿದ ಚೂರು ನೀರಿನಲ್ಲಿ ಮೀನೆಲ್ಲಾ ಒಟ್ಟಾಗಿ ಸಿಕ್ಕಿಕೊಂಡಿರುತ್ತವೆ. ಹಿಡಿಯುವುದು ಸುಲಭ, ಬಿಟ್ಟ ಮೇಲೆ ಅದು ಬದುಕುವುದು ಕಷ್ಟ. ಆ ಎರಡು ತಿಂಗಳು ಗಾಳ ಮುಟ್ಟದೆ ಇರುವುದೂ ಈ ಹವ್ಯಾಸದ ಭಾಗವೇ ಅಂತ ನಾನು ನಂಬಿದ್ದೇನೆ.

ನೀರು ಯಾರದ್ದು, ಕೇಳಿ

ಕೆರೆ ಖಾಲಿ ಕಂಡರೂ ಅದು ಯಾರದೋ ಅನ್ನದ ತಾಣ. ಸಾಮಾನ್ಯವಾಗಿ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅವರು ದುಡ್ಡು ಕೊಟ್ಟು ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿರುತ್ತಾರೆ. ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೂ ಇದೆ. ಆದ್ದರಿಂದ ಮೊದಲು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, ಆ ನೀರು ಯಾರ ಹೆಸರಿನಲ್ಲಿದೆ, ಪರವಾನಗಿ ಹೇಗೆ ಎಂದು ಕೇಳಿ. ಕಾರಂಜಾ, ಅಮರ್ಜಾ, ಬೆಣ್ಣೆತೊರಾದಂಥ ಜಲಾಶಯಗಳಲ್ಲಿ ದೋಣಿ ಇಳಿಸಲು ನೀರಾವರಿ ನಿಗಮದ ಒಪ್ಪಿಗೆಯೂ ಬೇಕಾಗುತ್ತದೆ.

ಕಾಗದದ ಒಪ್ಪಿಗೆ ಸಿಕ್ಕ ಮೇಲೂ ದಂಡೆಯಲ್ಲಿರುವವರನ್ನು ಮಾತಾಡಿಸದೆ ನೀರಿಗಿಳಿಯಬೇಡಿ. ಕಬ್ಬಲಿಗ, ಕೋಲಿ, ಅಂಬಿಗ ಮನೆತನದ ಹಿರಿಯರಿಗೆ ಆ ನೀರಿನ ಒಂದೊಂದು ಮೂಲೆಯೂ ಗೊತ್ತು. ‘ಕಾಕಾ, ನಾವು ಮೀನು ಒಯ್ಯಾಂಗಿಲ್ರಿ, ಹಿಡದು ಬಿಡ್ತೀವಿ’ ಅಂತ ಹೇಳಿ ನೋಡಿ. ಮೊದಲು ನಗುತ್ತಾರೆ. ಆಮೇಲೆ, ‘ಆ ಕಡಿ ಬಲಿ ಬಿಟ್ಟೀವಿ ನೋಡ್ರಿ, ಈ ಕಡಿ ಬರ್ರಿ. ಅಲ್ಲಿ ಜಾಲಿ ಮುಳ್ಳು ಮುಳುಗ್ಯಾವ’ ಅಂತ ಅವರೇ ದಾರಿ ತೋರಿಸುತ್ತಾರೆ. ಆ ಒಂದು ಮಾತು ನಿಮ್ಮ ದೋಣಿಯನ್ನೂ ಅವರ ಬಲೆಯನ್ನೂ ಉಳಿಸುತ್ತದೆ. ಥರ್ಮೊಕೋಲ್ ತುಂಡು, ಖಾಲಿ ಪ್ಲಾಸ್ಟಿಕ್ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಎಂದೇ ಅರ್ಥ. ದೂರದಿಂದ ಸುತ್ತಿ ಹೋಗಿ.

ಕೆಲವು ಕಡೆ ಹೋಗಲೇಬೇಡಿ. ಚಂದ್ರಂಪಳ್ಳಿ ಜಲಾಶಯ ಚಿಂಚೋಳಿ ವನ್ಯಜೀವಿ ಧಾಮದಲ್ಲಿದೆ. ಸುರಪುರ ತಾಲ್ಲೂಕಿನ ಬೋನಾಳ ಕೆರೆ ಹಕ್ಕಿಗಳ ಜಾಗ. ಚಳಿಗಾಲದಲ್ಲಿ ದೂರದಿಂದ ಬಂದು ಇಳಿದ ಹಕ್ಕಿಗಳನ್ನು ದೋಣಿ ತಂದು ಎಬ್ಬಿಸುವುದು ನ್ಯಾಯವಲ್ಲ. ದೇವಲ ಗಾಣಗಾಪುರದ ಸಂಗಮದಂಥ ಸ್ನಾನಘಟ್ಟಗಳ ಹತ್ತಿರವೂ ಗಾಳ ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಕಯಾಕ್‌ನಲ್ಲಿ ಕುಳಿತರೆ ಕಾಲು ನೀರಿನ ಮಟ್ಟದಲ್ಲೇ ಇರುತ್ತದೆ. ಹೊಸಬರಿಗೆ ಕೃಷ್ಣೆ ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ದೋಣಿ ಮತ್ತು ಜೀವ

ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ಗಾಳಕ್ಕೆ ಅನುಕೂಲವಲ್ಲ. ಮೇಲೆ ಕೂರುವ, 10–12 ಅಡಿ ಉದ್ದದ, ಅಗಲವಾದ ಪ್ಲಾಸ್ಟಿಕ್ ಕಯಾಕ್ ತೆಗೆದುಕೊಳ್ಳಿ. ಮಗುಚಿದರೂ ಮತ್ತೆ ಹತ್ತಬಹುದು. ಭಾರ ಇರುತ್ತದೆ, ಒಯ್ಯಲು ಪಿಕಪ್ ಗಾಡಿಯೋ ಕಾರಿನ ಮೇಲೆ ಕ್ಯಾರಿಯರ್ರೋ ಬೇಕು. ಗಾಳಿ ತುಂಬುವ ಕಯಾಕ್ ಹಗುರ, ಆದರೆ ನಮ್ಮ ಜಲಾಶಯಗಳ ಅಂಚಿನಲ್ಲಿ ಮುಳುಗಿರುವ ಬಳ್ಳಾರಿ ಜಾಲಿಯ ಮುಳ್ಳಿಗೆ ಅದು ನಿಲ್ಲುವುದಿಲ್ಲ.

ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿದು, ಆಮೇಲೆ ದೋಣಿ ತಳ್ಳಿ. ಈಜು ಬರುವವರೂ ಅಷ್ಟೇ. ಸೀಟಿಯೊಂದನ್ನು ಜಾಕೆಟ್‌ಗೇ ಕಟ್ಟಿರಿ. ಫೋನ್ ನೀರು ಹೋಗದ ಚೀಲದಲ್ಲಿರಲಿ. ಮೊದಲ ದಿನ ಗಾಳ ಒಯ್ಯಬೇಡಿ. ಎದೆಮಟ್ಟದ ನೀರಿನಲ್ಲಿ, ದಂಡೆಯಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ದೋಣಿ ಮಗುಚಿ. ಅದನ್ನು ಸರಿ ಮಾಡಿ, ಮಧ್ಯಭಾಗದಲ್ಲಿ ಎದೆ ಒತ್ತಿ, ಕಾಲು ಬಡಿಯುತ್ತಾ ಮೇಲೆ ಹತ್ತಿ. ಸುಸ್ತಾದಾಗಲೂ ಹತ್ತಲು ಬರುವವರೆಗೆ ಇದನ್ನೇ ಮಾಡಿ.

ನಮ್ಮ ದಂಡೆಗಳದ್ದೇ ಕೆಲವು ಅಪಾಯಗಳಿವೆ. ನೀರು ಹಿಂದೆ ಸರಿದ ಜಾಗದಲ್ಲಿ ಎರೆ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೊಣಕಾಲವರೆಗೆ ಹೂಳುತ್ತದೆ. ಗಟ್ಟಿ ನೆಲ ಅಥವಾ ಕಲ್ಲಿರುವ ಕಡೆಯೇ ಇಳಿಸಿ. ಕಾಗಿಣೆಯ ತಳದಲ್ಲಿ ಫರಸಿ ಕಲ್ಲಿನ ಹಾಸು, ಪಾಚಿ ಹಿಡಿದು ಜಾರುತ್ತದೆ. ಭೀಮೆಯಲ್ಲಿ ಮರಳು ತೆಗೆದ ಗುಂಡಿಗಳಿವೆ, ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಆಳು ಮುಳುಗುವ ಆಳಕ್ಕೆ ಹೋಗುತ್ತೀರಿ. ಸೊನ್ನ, ಘತ್ತರಗಿ, ಸನ್ನತಿ, ಗುರುಸಣಗಿ ಬ್ಯಾರೇಜ್‌ಗಳ ಗೇಟಿನ ಮೇಲೂ ಕೆಳಗೂ ಸುಳಿಯಬೇಡಿ. ದಂಡೆಯ ಪಂಪ್‌ಸೆಟ್ ವೈರ್‌ಗಳನ್ನು ಕಣ್ಣಿಟ್ಟು ನೋಡಿ. ಗಾಳದ ಗ್ರಾಫೈಟ್ ಕೋಲಿನಲ್ಲಿ (ರಾಡ್) ಕರೆಂಟ್ ಹರಿಯುತ್ತದೆ, ಜೋತುಬಿದ್ದ ತಂತಿಯ ಕೆಳಗೆ ರಾಡ್ ಎತ್ತಿ ಬೀಸಿದರೆ ಮುಗಿಯಿತು.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಹೋಗುವಾಗ ಅದರ ಎದುರಿಗೇ ಹೋಗಿ. ಮರಳುವಾಗ ತೋಳು ಸೋತಿರುತ್ತದೆ, ಗಾಳಿ ನಿಮ್ಮನ್ನು ದಂಡೆಗೆ ತಳ್ಳಿ ತರುತ್ತದೆ. ಕಾರಂಜಾದಂಥ ಬಯಲು ನೀರಿನಲ್ಲಿ ಹೊತ್ತೇರಿದಂತೆ ಅಲೆ ಏಳುತ್ತದೆ.

ಗಾಳ ಕಟ್ಟುವಾಗಲೇ ಬಿಡುಗಡೆ

ಗಾಳದ ತುದಿಯ ಹಿಂದೆ ಒಂದು ಸಣ್ಣ ಹಿಮ್ಮುಳ್ಳು ಇರುತ್ತದೆ, ಸಿಕ್ಕಿದ್ದು ಬಿಟ್ಟುಹೋಗದಿರಲಿ ಅಂತ. ಇಕ್ಕಳದಲ್ಲಿ ಅದನ್ನು ಚಪ್ಪಟೆಯಾಗುವ ಹಾಗೆ ಒತ್ತಿಬಿಡಿ. ಹತ್ತಿ ಬಟ್ಟೆಗೆ ಚುಚ್ಚಿ ಎಳೆದು ನೋಡಿ. ಎಳೆ ಹಿಡಿಯದೆ ನುಣ್ಣಗೆ ಈಚೆ ಬಂದರೆ ಸರಿಯಾಗಿದೆ. ಮೀನು ತಪ್ಪಿಸಿಕೊಳ್ಳುವುದಿಲ್ಲವೇ ಅಂದರೆ, ದಾರ ಸಡಿಲ ಬಿಡದೆ ಸುತ್ತಿದರೆ ಅಷ್ಟಾಗಿ ತಪ್ಪುವುದಿಲ್ಲ. ತಪ್ಪಿದರೂ ಹೇಗೂ ಬಿಡುವ ಮೀನೇ. ಮೂರು ಮೊನೆಯ ಗಾಳವಿದ್ದ ಲೂರ್ (ಮೀನು, ಕಪ್ಪೆಯಂತೆ ಕಾಣುವ ನಕಲಿ ಆಮಿಷ) ಕೊಂಡಿದ್ದರೆ ಅದನ್ನು ಕಳಚಿ ಒಂಟಿ ಗಾಳ ಹಾಕಿ.

ಎರೆಹುಳು, ಹಿಟ್ಟಿನ ಉಂಡೆಯನ್ನು ಮೀನು ಹೊಟ್ಟೆಯವರೆಗೆ ನುಂಗುತ್ತದೆ. ಒಳಗೆ ಚುಚ್ಚಿಕೊಂಡ ಮೀನು ಉಳಿಯುವುದು ಕಡಿಮೆ. ಅದಕ್ಕೇ ಕೃತಕ ಲೂರ್ ಒಳ್ಳೆಯದು. ರೋಹು, ಗೆಂಡೆಗೆ ಹಿಟ್ಟಿನ ಉಂಡೆಯೇ ಬೇಕೆಂದರೆ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಕಟ್ಟಿ. ಮೀನು ಎಳೆದಾಗ ಜಗ್ಗಬೇಡಿ, ಸುಮ್ನೆ ಒಂದೇ ಸಮ ರೀಲ್ ಸುತ್ತಿ. ಗಾಳ ತಾನಾಗಿ ಬಾಯಿಯ ಮೂಲೆಗೆ ಕೂರುತ್ತದೆ.

ದಾರ ಗಟ್ಟಿಯಾಗಿರಲಿ. ತೆಳು ದಾರದಲ್ಲಿ ದೊಡ್ಡ ಮೀನನ್ನು ಬಹಳ ಹೊತ್ತು ಆಡಿಸಿ ಗೆಲ್ಲುವುದನ್ನು ಕೆಲವರು ಹೆಮ್ಮೆ ಅಂದುಕೊಳ್ಳುತ್ತಾರೆ. ಬಿಡುವ ಮೀನಿಗೆ ಅದು ಶಿಕ್ಷೆ. ಹಾವಿನಂಥ ತಲೆಯ ಬೇಟೆಗಾರ ಮೀನು ಮುರಲ್‌ಗೆ 30 ಪೌಂಡ್ ಭಾರ ತಡೆಯುವ ಹೆಣೆದ ದಾರ ಹಾಕಿ, ಬೇಗ ಹತ್ತಿರ ತನ್ನಿ.

ಮುರಲ್ ಕೈಗೆ ಬಂದಾಗ

ನಮ್ಮ ಕೆರೆಗಳಲ್ಲಿ ಕಯಾಕ್‌ಗೆ ಹೇಳಿ ಮಾಡಿಸಿದ ಮೀನು ಮುರಲ್. ಆಪು, ತಾವರೆ ಎಲೆ, ಮುಳುಗಿದ ಪೊದೆಗಳ ಅಂಚಿನಲ್ಲಿ ಹೊಂಚು ಹಾಕಿರುತ್ತದೆ. ಇದಕ್ಕೆ ಕಿವಿರಿನ ಉಸಿರು ಸಾಲದು, ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ನೀರು ಸಣ್ಣಗೆ ‘ಗುಳಕ್’ ಅಂದ ಕಡೆ ಪ್ಯಾಡಲ್ ನಿಲ್ಲಿಸಿ. ರಬ್ಬರ್ ಕಪ್ಪೆಯನ್ನು ಅದರಾಚೆ ಎಸೆದು, ಎಲೆಗಳ ಮೇಲೆ ಕುಪ್ಪಳಿಸುತ್ತಾ ತನ್ನಿ. ಮೀನು ಬಡಿದ ತಕ್ಷಣ ರಾಡ್ ಎತ್ತಬೇಡಿ, ‘ಒಂದು, ಎರಡು’ ಎಣಿಸಿ ಎತ್ತಿ.

ಒಂದು ಎಚ್ಚರಿಕೆ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ, ಯಾವ ತಿಂಗಳೇ ಇರಲಿ, ಅಲ್ಲಿ ಗಾಳ ಎಸೆಯಬೇಡಿ. ಕೆಳಗೆ ತಂದೆತಾಯಿ ಕಾವಲಿರುತ್ತವೆ. ಹಸಿವಿಲ್ಲದಿದ್ದರೂ ಮರಿ ಕಾಯಲು ಲೂರ್ ಮೇಲೆ ಎರಗುತ್ತವೆ. ಅವುಗಳನ್ನು ಎತ್ತಿದ ಹೊತ್ತಿನಲ್ಲಿ ಬೇರೆ ಮೀನುಗಳು ಮರಿಗಳನ್ನು ಮುಗಿಸುತ್ತವೆ.

ಮೀನು ದೋಣಿಯ ಪಕ್ಕಕ್ಕೆ ಬಂತು. ಮೊದಲು ಎರಡೂ ಕೈ ನೀರಿನಲ್ಲಿ ಅದ್ದಿ. ಒಣ ಕೈಗೆ ಅದರ ಮೈಮೇಲಿನ ಲೋಳೆ ಹತ್ತಿಕೊಂಡು ಬರುತ್ತದೆ, ಲೋಳೆ ಹೋದ ಕಡೆ ರೋಗ ಅಂಟುತ್ತದೆ. ರಬ್ಬರ್ ಲೇಪದ ಕೈಬಲೆ ಇದ್ದರೆ ಅದರಲ್ಲಿ ಹಿಡಿದು, ಬಲೆಯನ್ನು ನೀರಿನಲ್ಲೇ ಇಳಿಬಿಡಿ. ಮೀನು ತಲೆ ಒದರುವುದು ನಿಲ್ಲಿಸಲಿ. ಈಗ ಉದ್ದ ಮೂತಿಯ ಇಕ್ಕಳದಲ್ಲಿ ಗಾಳದ ಬಾಗನ್ನು ಹಿಡಿದು, ಅದು ಒಳಹೊಕ್ಕ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ. ಹಿಮ್ಮುಳ್ಳು ಒತ್ತಿದ್ದರೆ ಅರೆಕ್ಷಣದಲ್ಲಿ ಕಳಚುತ್ತದೆ. ಬಹಳ ಆಳಕ್ಕೆ ಇಳಿದಿದ್ದರೆ ಕೆದಕಬೇಡಿ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ, ಅದರಲ್ಲೇ ಮೀನಿಗೆ ಬದುಕುವ ಅವಕಾಶ ಜಾಸ್ತಿ.

ಫೋಟೊ ಬೇಕೇ? ಫೋನ್ ಸಿದ್ಧವಾದ ಮೇಲೆ ಎತ್ತಿ. ಒಂದು ಕೈ ತಲೆಯ ಹಿಂದೆ, ಇನ್ನೊಂದು ಹೊಟ್ಟೆಯ ಕೆಳಗೆ, ಮೀನು ಅಡ್ಡವಾಗಿರಲಿ. ಕಿವಿರಿಗೆ ಬೆರಳು ಹಾಕಿ ತೂಗುಹಾಕಬೇಡಿ. ಹತ್ತು ಸೆಕೆಂಡ್ ಸಾಕು. ಬಿಸಿಲಿಗೆ ಕಾದ ದೋಣಿಯ ಪ್ಲಾಸ್ಟಿಕ್ ಮೇಲೆ ಮಲಗಿಸಲೇಬೇಡಿ. ಉದ್ದ ಅಳೆಯಲು ಪ್ಯಾಡಲ್ ಮೇಲೆ ಮೊದಲೇ ಗೆರೆ ಹಾಕಿಟ್ಟುಕೊಂಡರೆ ನೀರಿನಲ್ಲೇ ಪಕ್ಕಕ್ಕಿಟ್ಟು ನೋಡಬಹುದು.

ಬಿಡುವಾಗ ಎಸೆಯಬಾರದು. ರೋಹು, ಕಾಟ್ಲಾ, ಬಾಳೆ ಮೀನನ್ನು ಹೊಟ್ಟೆ ಕೆಳಗಾಗಿ ನೆಟ್ಟಗೆ ಹಿಡಿದು, ಹೊಳೆಯಾದರೆ ಬಾಯಿ ಹರಿವಿನ ಎದುರಿಗೆ ಇರುವಂತೆ ಕಾಯಿರಿ. ಕಿವಿರು ಒಂದೇ ಸಮ ಆಡಿ, ಅದೇ ಕೊಸರಿಕೊಂಡಾಗ ಕೈ ಸಡಿಲಿಸಿ. ಮುರಲ್ ಮಾತ್ರ ಬೇರೆ. ಅದನ್ನು ನೀರಿನೊಳಗೆ ಒತ್ತಿ ಹಿಡಿಯಬೇಡಿ, ಗಾಳಿ ಸಿಗದಿದ್ದರೆ ಮುರಲ್ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ತಲೆ ಮೇಲೆತ್ತಿ ಒಂದು ಗುಟುಕು ಎಳೆದುಕೊಳ್ಳಲು ಬಿಡಿ. ಹೋಗುತ್ತದೆ.

ಬೇರೆ ಮೀನು ಸಿಕ್ಕರೆ

ಬಾಳೆ ಮೀನಿನ ಬಾಯಿತುಂಬಾ ಚೂಪು ಹಲ್ಲು, ಬೆರಳು ಹಾಕಬೇಡಿ. ಜಗತ್ತಿನ ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಇದರ ಹೆಸರಿದೆ, ಹಾಗಾಗಿ ಇನ್ನಷ್ಟು ಜೋಪಾನ. ಚೇಳು ಮೀನಿನ ಪಕ್ಕದ ಮುಳ್ಳು ವಿಷದ್ದು. ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಇಟ್ಟು, ಆಸ್ಪತ್ರೆಗೆ ಹೋಗಿ. ಆಫ್ರಿಕನ್ ಕ್ಯಾಟ್‌ಫಿಶ್ ಒಂದನ್ನು ಮಾತ್ರ ವಾಪಸ್ ಬಿಡಬಾರದು. ಅದರ ಸಾಕಣೆಗೇ ನಿಷೇಧವಿದೆ, ನಮ್ಮ ಮೀನುಗಳನ್ನು ಅದು ಬಾಚಿ ತಿನ್ನುತ್ತದೆ. ಅದನ್ನು ಗುತ್ತಿಗೆಯವರ ಕೈಗೆ ಒಪ್ಪಿಸಿ.

ದಂಡೆಗೆ ಬಂದ ಮೇಲೆ

ಕತ್ತರಿಸಿದ ದಾರದ ತುಂಡನ್ನೆಲ್ಲಾ ಡಬ್ಬಿಯಲ್ಲಿ ಹಾಕಿ ಮನೆಗೆ ತನ್ನಿ. ನೈಲಾನ್ ದಾರ ಕೊಕ್ಕರೆಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ. ದೋಣಿ ಮಗುಚಿ ನೀರು ಬಸಿದು, ಸೀಟಿನ ಸಂದಿ, ಪ್ಯಾಡಲ್ ಬುಡ, ಕೈಬಲೆ ಎಲ್ಲಾ ನೋಡಿ. ಅಂತರಗಂಗೆಯ ಒಂದು ಸಣ್ಣ ಗಿಡ ಅಂಟಿಕೊಂಡಿದ್ದರೂ ಮುಂದಿನ ಕೆರೆಯಲ್ಲಿ ಅದು ಹಬ್ಬುತ್ತದೆ. ಬೇರೆ ನೀರಿಗೆ ಇಳಿಸುವ ಮುಂಚೆ ಒಂದೆರಡು ದಿನ ಬಿಸಿಲಿಗೆ ಒಣಗಿಸಿ. ಆ ದಿನದ ನೀರಿನ ಬಿಸಿ, ಮೀನಿನ ಜಾತಿ, ಬಿಟ್ಟಾಗ ಹೇಗಿತ್ತು ಎನ್ನುವುದನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಫೋಟೊ ಗೆಳೆಯರಿಗೆ ಕಳಿಸಿದರೂ ಜಾಗದ ಹೆಸರು ಹಾಕಬೇಡಿ. ಮರುದಿನ ಅಲ್ಲಿಗೆ ಹತ್ತು ಜನ ಗಾಳ ಹಿಡಿದು ಬಂದರೆ, ನಿಮ್ಮನ್ನು ನಂಬಿ ದಾರಿ ತೋರಿಸಿದ ಕಾಕಾಗೆ ತೊಂದರೆ.