ಪಿಯಾನೊಗೆ ಕಿವಿಗೊಟ್ಟ ಮೇಲೆ ಹಿಡಿಸಿದ ಇಂಗ್ಲಿಷ್ ಹಾಡುಗಳು

ಒಳ್ಳೆಯ ಕವಿತೆಯೊಂದಕ್ಕೆ ಸಂಗೀತ ಕಟ್ಟಿ, ಬರೀ ಒಂದು ಕಂಠ, ಒಂದು ಪಿಯಾನೊ ಇಟ್ಟುಕೊಂಡು ಹಾಡುವುದನ್ನು ಆರ್ಟ್ ಸಾಂಗ್ ಅಂತಾರೆ. ಇಂಗ್ಲೆಂಡಿನಲ್ಲಿ ಕಳೆದ ಶತಮಾನದ ಮೊದಲರ್ಧದಲ್ಲಿ ಇಂಥ ಹಾಡುಗಳು ಹೇರಳವಾಗಿ ಬಂದವು. ಸಂಗೀತ ಕಟ್ಟಿದವರಲ್ಲಿ ವಾನ್ ವಿಲಿಯಮ್ಸ್, ಬಟರ್‌ವರ್ತ್, ಗರ್ನಿ, ಫಿನ್ಜಿ ನಾನು ಹೆಚ್ಚು ಕೇಳುವವರು. ಎಲ್ಲವನ್ನೂ ಕೇಳಿದ್ದು ರೆಕಾರ್ಡಿಂಗ್‌ನಲ್ಲೇ.

ಭಾವಗೀತೆ ಕೇಳಿ ಬೆಳೆದ ಕಿವಿಗೆ ಇವು ತೀರಾ ಪರಕೀಯ ಅನ್ನಿಸುವುದಿಲ್ಲ. ಇಲ್ಲೂ ಕವಿತೆ ಮೊದಲು, ಸಂಗೀತ ಆಮೇಲೆ. ಆದರೆ ನಮ್ಮಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಸಾಲು ಮನಸ್ಸಿಗೆ ಇಳಿಯಲು ಹೊತ್ತು ಸಿಗುತ್ತದೆ. ಇಲ್ಲಿ ಸಾಲು ಹೆಚ್ಚಾಗಿ ಒಂದೇ ಸಲ ಬರುತ್ತದೆ, ಹೋಗುತ್ತದೆ. ಅದಕ್ಕೇ ನಾನು ಹಾಡು ಹಾಕುವ ಮೊದಲು ಕವಿತೆಯನ್ನು ಬಾಯಿಬಿಟ್ಟು ಓದಿಕೊಳ್ಳುತ್ತೇನೆ. ಮೊದಲಿಗೆ ಬ್ಯಾರಿಟೋನ್, ಅಂದರೆ ತೀರಾ ಮೇಲೂ ಅಲ್ಲದ ತೀರಾ ಕೆಳಗೂ ಅಲ್ಲದ ಗಂಡುದನಿಯ ಗಾಯಕರನ್ನು ಆರಿಸಿಕೊಂಡೆ. ಅವರ ದನಿ ಮಾತಿನ ಎತ್ತರಕ್ಕೆ ಹತ್ತಿರ ಇರುತ್ತದೆ, ಪದಗಳು ಬಿಡಿಸಿ ಕೇಳುತ್ತವೆ.

ನನ್ನನ್ನು ಹಿಡಿದಿಟ್ಟದ್ದು ಜಾರ್ಜ್ ಬಟರ್‌ವರ್ತ್‌ನ 'ಈಸ್ ಮೈ ಟೀಮ್ ಪ್ಲೌಯಿಂಗ್'. ಎ.ಇ. ಹೌಸ್‌ಮನ್ 1896ರಲ್ಲಿ ಪ್ರಕಟಿಸಿದ 'ಎ ಶ್ರಾಪ್‌ಷೈರ್ ಲ್ಯಾಡ್' ಸಂಕಲನದ ಕವಿತೆ ಅದು. ಸತ್ತವನೊಬ್ಬ ಬದುಕಿರುವ ಗೆಳೆಯನನ್ನು ಕೇಳುತ್ತಾನೆ: ನಾನು ಹೂಡುತ್ತಿದ್ದ ಕುದುರೆಗಳು ಈಗಲೂ ಉಳುತ್ತಿವೆಯಾ? ನದಿ ದಡದಲ್ಲಿ ಹುಡುಗರು ಫುಟ್‌ಬಾಲ್ ಆಡ್ತಾರಾ? ನನ್ನ ಹುಡುಗಿ ಅಳು ನಿಲ್ಲಿಸಿದಳಾ? ಕೊನೆಗೆ, ನೀನು ಹೇಗಿದ್ದೀಯ? ಎಂಟು ಪದ್ಯ, ನಾಲ್ಕು ಪ್ರಶ್ನೆ, ನಾಲ್ಕು ಉತ್ತರ. ಆ ಹುಡುಗಿ ಈಗ ಯಾರ ಜೊತೆ ಇದ್ದಾಳೆ ಅನ್ನುವುದು ಕೊನೆಯ ಉತ್ತರದಲ್ಲಿ ಗೊತ್ತಾಗುತ್ತದೆ. ಗೆಳೆಯ ಅದನ್ನೂ ನೇರವಾಗಿ ಹೇಳುವುದಿಲ್ಲ, ಯಾರವಳು ಅಂತ ಕೇಳಬೇಡ ಅಂದುಬಿಡುತ್ತಾನೆ.

ಇದನ್ನು ಹಾಡುವವನು ಒಬ್ಬನೇ. ಸತ್ತವನ ಸರದಿ ಬಂದಾಗ ದನಿ ಪಿಸುಮಾತಿನಷ್ಟು ಸಣ್ಣದಾಗುತ್ತದೆ, ಪಿಯಾನೊದಲ್ಲಿ ಸ್ವರಗುಚ್ಛಗಳು ನಿಧಾನವಾಗಿ ಕೆಳಗಿಳಿಯುತ್ತವೆ. ಗೆಳೆಯ ಬಾಯಿ ತೆರೆದ ಕೂಡಲೇ ವೇಗ ಏರುತ್ತದೆ, ದನಿ ಗಟ್ಟಿಯಾಗುತ್ತದೆ. ಪ್ರತಿ ಜೋಡಿ ಪದ್ಯಕ್ಕೂ ಸುಮಾರು ಅದೇ ಸಂಗೀತ. ಆದರೂ ಮುಂದೆ ಹೋದಂತೆ ಗೆಳೆಯನ ಆ ಗಟ್ಟಿತನ ಸಂಕಟದ ಗಟ್ಟಿತನ ಅಂತ ಹೊಳೆಯುತ್ತದೆ. ಅವನ ಕೊನೆಯ ಸಾಲು ಮುಗಿದ ಮೇಲೆ ಪಿಯಾನೊ ಸತ್ತವನ ಸ್ವರಗಳಿಗೆ ಮರಳುತ್ತದೆ. ಅಂದರೆ ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ. ಇದು ಕವಿತೆಯಲ್ಲಿ ಬರೆದಿಲ್ಲ, ಪಿಯಾನೊ ಹೇಳುತ್ತದೆ. ಈ ಹಾಡುಗಳಲ್ಲಿ ಪಿಯಾನೊ ಸುಮ್ನೆ ಶ್ರುತಿಗೆ ಕೂತಿಲ್ಲ, ಅದೂ ಕವಿತೆಯನ್ನು ಓದುತ್ತಿದೆ ಅಂತ ನನಗೆ ಗೊತ್ತಾದದ್ದು ಇಲ್ಲೇ.

ಅಂದಿನಿಂದ ಯಾವ ಹಾಡನ್ನಾದರೂ ಒಂದು ಸಲ ಪಿಯಾನೊಗಾಗಿಯೇ ಕೇಳುತ್ತೇನೆ, ಗಾಯಕನನ್ನು ಬೇಕಂತಲೇ ಹಿಂದಕ್ಕೆ ಬಿಟ್ಟು. ಇನ್ನೊಂದು ಅಭ್ಯಾಸ ವಾಲ್ಯೂಮ್‌ದು. ಗೆಳೆಯನ ಗಟ್ಟಿ ದನಿಗೆ ಸರಿಯಾಗಿ ಇಟ್ಟು ಆಮೇಲೆ ಮುಟ್ಟುವುದಿಲ್ಲ. ಪಿಸುದನಿ ಬಂದಾಗ ಜಾಸ್ತಿ ಮಾಡಿದರೆ ಇಬ್ಬರೂ ಒಂದೇ ಮನುಷ್ಯರಾಗಿಬಿಡುತ್ತಾರೆ. ಕೇಳಿಸದಿದ್ದರೆ ರಾತ್ರಿ ತನಕ ಕಾದು ಹೆಡ್‌ಫೋನ್ ಹಾಕಿಕೊಳ್ಳುವುದು ಒಳ್ಳೆಯದು.

ರೆಕಾರ್ಡಿಂಗ್‌ನ ದೊಡ್ಡ ಲಾಭ ಅಂದರೆ ಒಂದೇ ಹಾಡನ್ನು ಇಬ್ಬರ ಬಾಯಲ್ಲಿ ಬೆನ್ನುಬೆನ್ನಿಗೆ ಕೇಳಬಹುದು. ಬ್ರಿನ್ ಟೆರ್ಫೆಲ್ 1995ರ 'ದ ವ್ಯಾಗಬಾಂಡ್' ಆಲ್ಬಮ್‌ನಲ್ಲಿ, ಮಾಲ್ಕಮ್ ಮಾರ್ಟಿನೋ ಪಿಯಾನೊ ಜೊತೆ ಇದನ್ನು ಹಾಡಿದ್ದಾರೆ. ಅಷ್ಟು ದೊಡ್ಡ ಕಂಠ ಎಷ್ಟು ಸಣ್ಣಗಾಗುತ್ತದೆ ಅನ್ನುವುದೇ ಅಲ್ಲಿ ನಾಟಕ. ರಾಡರಿಕ್ ವಿಲಿಯಮ್ಸ್, ಇಯಾನ್ ಬರ್ನ್‌ಸೈಡ್ ಜೋಡಿಯದು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಪದೇ ಪದೇ ಕೇಳಲು ನಾನು ಹಾಕುವುದು ಎರಡನೆಯದನ್ನೇ.

ಬಟರ್‌ವರ್ತ್ 1916ರ ಆಗಸ್ಟ್ 5ರಂದು, ಮೊದಲ ಮಹಾಯುದ್ಧದ ಸೊಮ್ ಕದನದಲ್ಲಿ ಸತ್ತ. ಆಗ ಅವನಿಗೆ 31 ವರ್ಷ. ಇದು ಗೊತ್ತಿದ್ದವರಿಗೆ ಈ ಹಾಡು ಯುದ್ಧದ ಹಾಡಾಗಿಯೇ ಕೇಳುತ್ತದೆ. ಆದರೆ ಅದು ಅಚ್ಚಾದದ್ದು 1911ರಲ್ಲಿ, ಮಹಾಯುದ್ಧ ಶುರುವಾಗುವ ಮೂರು ವರ್ಷ ಮೊದಲು. ಆ ಸಾವನ್ನು ಹಾಡಿನೊಳಗೆ ತುಂಬುವವರು ನಾವು. ತಪ್ಪೇನಿಲ್ಲ, ಆದರೆ ಒಂದು ಸಲವಾದರೂ ಅದನ್ನು ಬದಿಗಿಟ್ಟು ಕೇಳಬೇಕು. ಕಂದಕದ ನಡುವೆ ನಿಜಕ್ಕೂ ಹಾಡು ಕಟ್ಟಿದವನು ಐವರ್ ಗರ್ನಿ. ಪಕ್ಕದಲ್ಲಿ ಪಿಯಾನೊ ಕೂಡ ಇಲ್ಲದೆ, 1916ರಲ್ಲಿ 'ಬೈ ಎ ಬಿಯರ್‌ಸೈಡ್' ಬರೆದ.

ಇದೇ ಹೌಸ್‌ಮನ್ ಕವಿತೆಗೆ ವಾನ್ ವಿಲಿಯಮ್ಸ್ 1909ರಲ್ಲೇ ಸಂಗೀತ ಹಾಕಿದ್ದ, ಪಿಯಾನೊ ಜೊತೆಗೆ ನಾಲ್ಕು ತಂತಿವಾದ್ಯ ಸೇರಿಸಿ. ಅದರಲ್ಲಿ ಫುಟ್‌ಬಾಲಿನ ಎರಡು ಪದ್ಯಗಳನ್ನು ಕೈಬಿಟ್ಟ, ಹೌಸ್‌ಮನ್‌ಗೆ ಸಿಟ್ಟು ಬಂತು. ನಾನು ಹೌಸ್‌ಮನ್ ಪಕ್ಷ. ಸತ್ತವನು ಹುಡುಗಿಯ ಬಗ್ಗೆ ಕೇಳುವ ಮೊದಲು ಆಟದ ಬಗ್ಗೆ ಕೇಳುತ್ತಾನೆ ಅಲ್ವಾ, ನಿಜವಾಗಿ ಕೇಳಬೇಕಾದ್ದನ್ನು ಅವನು ಮುಂದೂಡುತ್ತಿದ್ದಾನೆ. ಆ ತಡ ಬೇಕೇ ಬೇಕು. ಬಟರ್‌ವರ್ತ್ ಅದನ್ನು ಉಳಿಸಿಕೊಂಡ.