ಒಂದು ಪ್ಯಾಡ್, ಪಟ್ಟಿಯಲ್ಲಿ ಮೂರು: ಡ್ರೈವರ್ ಜಗಳ ಬಿಡಿಸಿದ ನನ್ನ ಅನುಭವ

ಪಿಸಿಯಲ್ಲಿ ಆಟ ಆಡುವ ನನ್ನ ಗೇಮ್‌ಪ್ಯಾಡ್‌ನ ಕೆಳಗಿನ ಬಟನ್ ಒಂದು ಸಲ ಒತ್ತಿದರೆ ಮೆನು ಎರಡು ಹೆಜ್ಜೆ ಇಳಿಯುತ್ತಿತ್ತು. ಆಟ ಶುರುವಾದ ಮೇಲೆ ಇನ್ನೊಂದು ಕಾಟ. ಪ್ಯಾಡನ್ನು ಮೇಜಿನ ಮೇಲಿಟ್ಟು ಕೈ ಬಿಟ್ಟರೂ ಕ್ಯಾಮೆರಾ ತಾನಾಗಿ ಎಡಕ್ಕೆ ಸುತ್ತುತ್ತಿತ್ತು. ಸ್ಟಿಕ್ (ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಕಡ್ಡಿ) ಸವೆದಿದೆ, ಹೊಸ ಪ್ಯಾಡ್ ತಗೊಳ್ಳಬೇಕು ಅಂತಲೇ ಅಂದುಕೊಂಡಿದ್ದೆ. ಆದರೆ ಪ್ಯಾಡ್ ಚೆನ್ನಾಗಿಯೇ ಇತ್ತು.

ಮೊದಲ ಎರಡು ದಿನ ಬರೀ ಸುತ್ತಾಟ. ಡಿವೈಸ್ ಮ್ಯಾನೇಜರ್ (ಪಿಸಿಯ ಸಾಧನಗಳ ಪಟ್ಟಿ ತೋರಿಸುವ ಕಿಟಕಿ) ತೆರೆಯೋದು, ಅನ್‌ಇನ್‌ಸ್ಟಾಲ್ ಒತ್ತೋದು, ಕೇಬಲ್ ಕಿತ್ತು ಮತ್ತೆ ಹಾಕೋದು. ಡ್ರೈವರ್ ಅಂದರೆ ಒಂದು ಸಾಧನದ ಜೊತೆ ಮಾತಾಡೋಕೆ ವಿಂಡೋಸ್‌ಗೆ ಬೇಕಾದ ಪ್ರೋಗ್ರಾಮ್. ವಿಂಡೋಸ್ ತನ್ನ ಉಗ್ರಾಣದಿಂದ ಅದೇ ಡ್ರೈವರನ್ನು ತಂದು ಕೂರಿಸುತ್ತಿತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇಷ್ಟೇ: ಡ್ರೈವರ್ ಮುಟ್ಟಬೇಡಿ, ವಿಂಡೋಸ್‌ಗೆ ಎಷ್ಟು ಪ್ಯಾಡ್ ಕಾಣುತ್ತಿವೆ ಅಂತ ಮೊದಲು ಎಣಿಸಿ.

ಎಣಿಸೋದು ಸುಲಭ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಟೈಪ್ ಮಾಡಿ ಎಂಟರ್ ಕೊಡಿ. ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ನನ್ನ ಹತ್ತಿರ ಇದ್ದದ್ದು ಒಂದೇ ಡ್ಯುಯಲ್‌ಶಾಕ್ 4, ಅಂದರೆ ಸೋನಿಯ ಪ್ಲೇಸ್ಟೇಷನ್ 4 ಪ್ಯಾಡ್. ಆದರೆ ಪಟ್ಟಿಯಲ್ಲಿ ಮೂರು ಸಾಲು ಇದ್ದವು. ಒಂದು 'ವೈರ್‌ಲೆಸ್ ಕಂಟ್ರೋಲರ್', ಒಂದು 'ಎಕ್ಸ್‌ಬಾಕ್ಸ್ 360 ಫಾರ್ ವಿಂಡೋಸ್', ಇನ್ನೊಂದರ ಹೆಸರು ನೋಡಿದರೆ ನನಗೆ ಏನೂ ನೆನಪಾಗಲಿಲ್ಲ.

ಮೊದಲ ಸಾಲಿನ ಪ್ರಾಪರ್ಟೀಸ್ ತೆರೆದೆ. ಚೌಕದ ನಡುವೆ ಒಂದು ಪುಟ್ಟ ಕೂಡು ಗುರುತು ಇರುತ್ತದಲ್ವಾ, ಅದು ಅಲುಗದೆ ನಿಂತಿತ್ತು. ಸ್ಟಿಕ್ ತಿರುಗಿಸಿ ಬಿಟ್ಟರೆ ಸರಿಯಾಗಿ ನಡುವಿಗೇ ಬರುತ್ತಿತ್ತು. ಅಂದರೆ ಸ್ಟಿಕ್ ಸವೆದಿಲ್ಲ. ಆ ಗುರುತು ನೋಡಿ ನನಗೆ ಎಷ್ಟು ಸಮಾಧಾನ ಆಯಿತೋ ಹೇಳಲಾರೆ.

ಎರಡನೇ ಸಾಲು ನಾನೇ ಮಾಡಿಕೊಂಡದ್ದು. ವಿಂಡೋಸ್‌ನಲ್ಲಿ ಆಟಗಳು ಪ್ಯಾಡನ್ನು ಓದೋಕೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು ಹಳೆಯ ಡೈರೆಕ್ಟ್‌ಇನ್‌ಪುಟ್. ಇನ್ನೊಂದು 2005ರಲ್ಲಿ, ಮೈಕ್ರೋಸಾಫ್ಟ್‌ನ ಆಟದ ಯಂತ್ರ ಎಕ್ಸ್‌ಬಾಕ್ಸ್ 360 ಕಾಲಕ್ಕೆ ಬಂದ ಎಕ್ಸ್‌ಇನ್‌ಪುಟ್. ಎಷ್ಟೋ ಆಟಗಳಿಗೆ ಎರಡನೆಯದು ಮಾತ್ರ ಗೊತ್ತು. ಅದಕ್ಕೆ ನಾನು ಡಿಎಸ್4ವಿಂಡೋಸ್ ಅನ್ನೋ ಪ್ರೋಗ್ರಾಮ್ ಹಾಕಿದ್ದೆ. ಅದು ಅಸಲಿ ಪ್ಯಾಡನ್ನು ಓದಿ, ವಿಜೆಮ್‌ಬಸ್ ಅನ್ನೋ ಡ್ರೈವರ್ ಮೂಲಕ ಒಂದು ನಕಲಿ ಎಕ್ಸ್‌ಬಾಕ್ಸ್ ಪ್ಯಾಡ್ ಸೃಷ್ಟಿ ಮಾಡುತ್ತದೆ. (ವಿಜೆಮ್‌ಬಸ್ ಅಭಿವೃದ್ಧಿ ಕೆಲಸ 2023ರಲ್ಲೇ ನಿಂತಿದೆ, ಆದರೂ ನನ್ನ ಪಿಸಿಯಲ್ಲಿ ಚೆನ್ನಾಗಿ ನಡೆಯುತ್ತಿದೆ.) ನಕಲಿ ಬಂತು ಅಂತ ಅಸಲಿ ಮರೆಯಾಗಲ್ಲ. ಎರಡೂ ದಾರಿ ಓದುವ ಆಟಕ್ಕೆ ಎರಡೂ ಕಾಣುತ್ತವೆ. ನಾನು ಒತ್ತೋದು ಒಂದು ಸಲ, ಆಟಕ್ಕೆ ಕೇಳಿಸೋದು ಎರಡು ಸಲ.

ಇದಕ್ಕೆ ಮದ್ದು ಹಿಡ್‌ಹೈಡ್, ಅಸಲಿ ಪ್ಯಾಡನ್ನು ಆಟಗಳಿಂದ ಅಡಗಿಸುವ ಪ್ರೋಗ್ರಾಮ್. ಅದರ ಡಿವೈಸಸ್ ಪಟ್ಟಿಯಲ್ಲಿ ಅಸಲಿ ಪ್ಯಾಡ್‌ಗೆ ಗುರುತು ಹಾಕಿ, ಅಡಗಿಸುವ ಆಯ್ಕೆ ಆನ್ ಮಾಡಬೇಕು. ಜೊತೆಗೆ ಅಪ್ಲಿಕೇಶನ್ಸ್ ಪಟ್ಟಿಗೆ ಡಿಎಸ್4ವಿಂಡೋಸ್ ಸೇರಿಸಲೇಬೇಕು. ನಾನು ಮೊದಲ ಸಲ ಇದನ್ನು ಬಿಟ್ಟಿದ್ದೆ. ಅಸಲಿ ಪ್ಯಾಡ್ ಡಿಎಸ್4ವಿಂಡೋಸ್ ಕಣ್ಣಿಗೂ ಬೀಳಲಿಲ್ಲ, ನಕಲಿಯೂ ಹುಟ್ಟಲಿಲ್ಲ. ಸೇರಿಸಿ, ಕೇಬಲ್ ಕಿತ್ತು ಹಾಕಿದ ಮೇಲೆ ಮೆನು ಒಂದೊಂದೇ ಹೆಜ್ಜೆ ಇಳಿಯಿತು. ಆಟ ಕೊಂಡು ಆಡುವ ಸ್ಟೀಮ್ ಆ್ಯಪ್‌ನಲ್ಲೂ ಡಿಎಸ್4ವಿಂಡೋಸ್‌ನ ಕೆಲಸವನ್ನೇ ಮಾಡುವ ಸ್ಟೀಮ್ ಇನ್‌ಪುಟ್ ಇದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಯಾವುದಾದರೂ ಒಂದು ಸಾಕು. ನಾನು ಆ ಆಟಕ್ಕೆ ಸ್ಟೀಮ್‌ನದ್ದನ್ನು ಆಫ್ ಮಾಡಿದೆ.

ಆದರೆ ಕ್ಯಾಮೆರಾ ಇನ್ನೂ ಸುತ್ತುತ್ತಲೇ ಇತ್ತು.

ಉಳಿದದ್ದು ಆ ಮೂರನೇ ಸಾಲು. ಅದರ ಪ್ರಾಪರ್ಟೀಸ್ ತೆರೆದಾಗ ವಿಷಯ ಗೊತ್ತಾಯಿತು. ಕೂಡು ಗುರುತು ನಡುವೆ ಇರಲಿಲ್ಲ, ಚೌಕದ ಎಡ ಅಂಚಿಗೆ ಅಂಟಿಕೊಂಡು ನಿಂತಿತ್ತು. ಯಾರೋ ಸ್ಟಿಕ್ಕನ್ನು ಎಡಕ್ಕೆ ಒತ್ತಿ ಹಿಡಿದ ಹಾಗೆ. ಡೈರೆಕ್ಟ್‌ಇನ್‌ಪುಟ್‌ನಲ್ಲಿ ಒಂದು ಆಕ್ಸಿಸ್ (ಸ್ಟಿಕ್ ಒಂದು ದಿಕ್ಕಿನಲ್ಲಿ ಎಷ್ಟು ಸರಿದಿದೆ ಅನ್ನೋ ಅಳತೆ) ಸಾಮಾನ್ಯವಾಗಿ 0ಯಿಂದ 65535ವರೆಗೆ ಇರುತ್ತದೆ. ನಡು ಅಂದರೆ ಸುಮಾರು 32767. ಯಾವ ಪ್ರೋಗ್ರಾಮೂ ಅಂಕಿ ಕೊಡದೆ 0ಯಲ್ಲೇ ಉಳಿದರೆ ಆಟಕ್ಕೆ ಅದು ಪೂರ್ತಿ ಎಡ.

ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ ಹಾರ್ಡ್‌ವೇರ್ ಐಡಿ ನೋಡಿದೆ. ವಿಐಡಿ ಅಂತ ಇರುವ ನಾಲ್ಕು ಅಕ್ಷರ ತಯಾರಕರ ಗುರುತು. ಸೋನಿಯದ್ದು 054ಸಿ, ಮೈಕ್ರೋಸಾಫ್ಟ್‌ದು 045ಇ. ಇದು ಎರಡೂ ಅಲ್ಲ. ಆಗ ನೆನಪಾಯಿತು. ಹಿಂದೆ ಒಂದು ಸ್ಟೀರಿಂಗ್ ವೀಲ್ ಇಟ್ಟುಕೊಂಡಿದ್ದೆ, ಅದಕ್ಕೆ ನಕಲಿ ಜಾಯ್‌ಸ್ಟಿಕ್ ಮಾಡುವ ಪ್ರೋಗ್ರಾಮ್ ಹಾಕಿದ್ದೆ. ಪ್ರೋಗ್ರಾಮ್ ತೆಗೆದಿದ್ದರೂ ಡ್ರೈವರ್ ಅಲ್ಲೇ ಉಳಿದಿತ್ತು.

ತೆಗೆಯೋಕೆ ಮೊದಲು ರಿಸ್ಟೋರ್ ಪಾಯಿಂಟ್ (ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಗುರುತು) ಮಾಡಿಕೊಂಡೆ. ಇದನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಆ ಡಿವೈಸ್‌ನ ಪ್ರಾಪರ್ಟೀಸ್‌ನಲ್ಲಿ 'ಐಎನ್ಎಫ್ ನೇಮ್' ನೋಡಿ, ಓಇಎಂ ಅಂತ ಶುರುವಾಗುವ ಫೈಲ್ ಹೆಸರನ್ನು ಬರೆದುಕೊಂಡೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ವಿಂಡೋಸ್‌ನದೇ ಕಮಾಂಡ್ ಆದ ಪಿಎನ್‌ಪಿಯುಟಿಲ್‌ನ (pnputil) ಡಿಲೀಟ್-ಡ್ರೈವರ್ (/delete-driver) ಆಯ್ಕೆಗೆ ಆ ಹೆಸರು ಕೊಟ್ಟು, ಕೊನೆಗೆ ಅನ್‌ಇನ್‌ಸ್ಟಾಲ್ (/uninstall) ಸೇರಿಸಿದೆ. ಬರೀ ಡಿವೈಸ್ ತೆಗೆದರೆ ಡ್ರೈವರ್ ಉಗ್ರಾಣದಲ್ಲಿ ಉಳಿದೇ ಇರುತ್ತದೆ. ಹೀಗೆ ಮಾಡಿದರೆ ಎರಡೂ ಹೋಗುತ್ತವೆ. ಪಿಸಿ ರಿಸ್ಟಾರ್ಟ್ ಮಾಡಿದೆ, ಮೂರನೇ ಸಾಲು ಮಾಯ. ಆಟ ತೆರೆದೆ, ಕ್ಯಾಮೆರಾ ಸುಮ್ನೆ ನಿಂತಿತ್ತು.

ಪರೀಕ್ಷೆ ಮಾಡುವಾಗ ಒಂದು ವಿಷಯ ನಿಮ್ಮನ್ನು ಹೆದರಿಸಬಹುದು. ಎಕ್ಸ್‌ಬಾಕ್ಸ್ ಸಾಲಿನಲ್ಲಿ ಎರಡೂ ಟ್ರಿಗರ್ (ತೋರುಬೆರಳಿನಿಂದ ಒತ್ತುವ ಬಟನ್) ಒಟ್ಟಿಗೆ ಒತ್ತಿದರೆ ಅವನ್ನು ತೋರಿಸುವ ಗೆರೆ ಅಲುಗಲ್ಲ, ನಡುವೆಯೇ ಇರುತ್ತದೆ. ಅದು ಕೆಟ್ಟಿದ್ದಲ್ಲ. ಆ ಕಿಟಕಿ ಎರಡೂ ಟ್ರಿಗರ್‌ಗಳನ್ನು ಒಂದೇ ಆಕ್ಸಿಸ್‌ನಲ್ಲಿ ತೋರಿಸುತ್ತದೆ, ಒಂದು ಇನ್ನೊಂದನ್ನು ಕಳೆದು ಹಾಕುತ್ತದೆ.

ಒಂದು ವಾರದ ನಂತರ ಕೇಬಲ್ ಬಿಟ್ಟು ಬ್ಲೂಟೂತ್‌ನಲ್ಲಿ ಆಡೋಕೆ ಕೂತೆ. ಮೆನು ಮತ್ತೆ ಎರಡೆರಡು ಹೆಜ್ಜೆ! ಈ ಸಲ ಗಾಬರಿ ಆಗಲಿಲ್ಲ, ನೇರವಾಗಿ ಎಣಿಸೋಕೆ ಹೋದೆ. ಅದೇ ಪ್ಯಾಡ್ ಬ್ಲೂಟೂತ್‌ನಲ್ಲಿ ಬಂದರೆ ವಿಂಡೋಸ್‌ಗೆ ಅದು ಬೇರೆಯದೇ ಡಿವೈಸ್. ಹಿಡ್‌ಹೈಡ್‌ನಲ್ಲಿ ನಾನು ಗುರುತು ಹಾಕಿದ್ದು ಯುಎಸ್‌ಬಿಯದ್ದಕ್ಕೆ ಮಾತ್ರ. ಬ್ಲೂಟೂತ್ ಸಾಲಿಗೂ ಹಾಕಿ, ಪ್ಯಾಡನ್ನು ಮತ್ತೆ ಕನೆಕ್ಟ್ ಮಾಡಿದೆ. ಎರಡು ನಿಮಿಷದ ಕೆಲಸ.